ಹಂಚಿನ ಹೆಸರಲ್ಲಿ ಕೇಳಿದ ಹಣ: ಹುಬ್ಬಳ್ಳಿಯ ಒಂದು ಸಭೆಯ ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಕದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಚು, ಹಣ ಎರಡೂ ಒಂದೇ ಮಾತಿನಲ್ಲಿ ಬಂದ ಕೂಡಲೇ ‘ಯಾರು ತಿಂದರು?’ ಅಂತಲೇ ಎಲ್ಲರೂ ಕೇಳುತ್ತಾರೆ. ಇಲ್ಲಿ ಒಂದು ರೂಪಾಯಿಯೂ ಯಾರ ಜೇಬಿಗೂ ಹೋಗಿಲ್ಲ. ಪ್ರತಿ ಖರ್ಚಿಗೂ ವೋಚರ್ ಇತ್ತು. ಖಜಾಂಚಿಯವರ ಪುಸ್ತಕ ನೋಡಿದರೆ ಖುಷಿಯಾಗಬೇಕು, ಅಷ್ಟು ಅಚ್ಚುಕಟ್ಟು. ಆದರೂ ಆ ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಬಳಗ, ಒಡೆದು ಎರಡಾಗುವ ಹಂತಕ್ಕೆ ಬಂತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೊಸ ಕಮಿಟಿಯವರು ‘ಒಂದು ಸಲ ಪೂರ್ತಿ ನೋಡಿ ಬರೆದುಕೊಡ್ರಿ’ ಎಂದು ಕೇಳಿದ್ದಕ್ಕೆ ಕಾಗದಗಳನ್ನೆಲ್ಲ ನೋಡಿದೆ. ನಾನೂ ಅದೇ ಸಭೆಯವನು, ನಾನೂ ಹಣ ಕೊಟ್ಟವನು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪತ್ರ ಬಂದದ್ದು

ಹುಬ್ಬಳ್ಳಿಯ ಒಂದು ಹಳೆಯ ಸಭೆ. 175 ಕುಟುಂಬ. ರೈಲ್ವೆಯಲ್ಲಿ ದುಡಿದು ಪೆನ್ಶನ್ ತೆಗೆದುಕೊಳ್ಳುವವರು, ನರ್ಸುಗಳು, ಶಾಲೆಯ ಶಿಕ್ಷಕರು, ಆಟೋ ಓಡಿಸುವವರು, ಮನೆಗೆಲಸಕ್ಕೆ ಹೋಗುವವರು. ಹಂಚಿನ ದೇವಾಲಯ. ಮಳೆ ಬಂದರೆ ಮೂರನೇ ಸಾಲಿನ ಬೆಂಚಿನ ಮೇಲೆ ಬಕೆಟ್ ಇಟ್ಟು ಆರಾಧನೆ ಮಾಡುತ್ತಿದ್ದೆವು. ಜಂತಿಗೆ ಗೆದ್ದಲು ಹತ್ತಿತ್ತು. ಛಾವಣಿ ರಿಪೇರಿ ಆಗಲೇಬೇಕಿತ್ತು, ಅದರಲ್ಲಿ ಸುಳ್ಳೇನೂ ಇಲ್ಲ.

2022ರ ಆಗಸ್ಟಿನಲ್ಲಿ ಪ್ರತಿ ಮನೆಗೂ ಒಂದು ಪತ್ರ ಬಂತು. ‘ದೇವರ ಮನೆಯ ಛಾವಣಿ ಸೋರುತ್ತಿದೆ. ದುರಸ್ತಿಗೆ 14 ಲಕ್ಷ ರೂಪಾಯಿ ಬೇಕು. ಪ್ರತಿ ಕುಟುಂಬಕ್ಕೆ 8,000 ರೂಪಾಯಿ. ಬೆಳೆ ಹಬ್ಬದೊಳಗೆ ಕೊಡಬೇಕು.’ ಪತ್ರದ ಜೊತೆ ಒಂದು ಕಂದು ಲಕೋಟೆ. ಅದರ ಮೇಲೆ ‘ಛಾವಣಿ ದುರಸ್ತಿ ಕಾಣಿಕೆ’ ಎಂದು ಅಚ್ಚಾಗಿತ್ತು. ಮೂಲೆಯಲ್ಲಿ ಪೆನ್ಸಿಲ್‌ನಿಂದ ಕುಟುಂಬದ ನಂಬರ್ ಬರೆದಿತ್ತು.

ಅಲ್ಲಿಂದ ಮೂರು ತಿಂಗಳು ಪ್ರತಿ ಭಾನುವಾರ ಅದೇ ಮಾತು. ಬೈಬಲ್ಲಿನ ಮಲಾಕಿಯ ಪುಸ್ತಕದ 3ನೇ ಅಧ್ಯಾಯದ ಮೇಲೆ ಎರಡು ಸಲ ಬೋಧನೆ ನಡೆಯಿತು. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಕೊಡದವರು ದೇವರನ್ನೇ ದೋಚುತ್ತಾರೆ ಎಂಬ ಭಾಗ ಅದು. ಅದೇ ಅಧ್ಯಾಯದಲ್ಲಿ, ಮೂರ್ನಾಲ್ಕು ವಚನ ಮೇಲೆ, ಕೂಲಿಯವನ ಕೂಲಿ ಹಿಡಿಯುವವರ ಮೇಲೂ ವಿಧವೆಯನ್ನು ಪೀಡಿಸುವವರ ಮೇಲೂ ದೇವರು ಸಾಕ್ಷಿಯಾಗಿ ನಿಲ್ಲುತ್ತಾನೆ ಎಂದಿದೆ. ಅದನ್ನು ಯಾರೂ ಓದಲಿಲ್ಲ. ಅದರ ಹಿಂದಿನ ಅಧ್ಯಾಯ ಶುರುವಾಗುವುದೇ ಯಾಜಕರಿಗೆ ಎಚ್ಚರಿಕೆ ಕೊಡುವುದರಿಂದ. ಅದೂ ಬರಲಿಲ್ಲ.

ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಹಚ್ಚಿದರು. ಹೆಸರು, ಎದುರಿಗೆ ಮೊತ್ತ. ಅಕಾರಾದಿಯಾಗಿ ಅಲ್ಲ, ಜಾಸ್ತಿ ಕೊಟ್ಟವರು ಮೇಲೆ, ಕಡಿಮೆ ಕೊಟ್ಟವರು ಕೆಳಗೆ. ಆರಾಧನೆ ಮುಗಿದ ಮೇಲೆ ಜನ ಆ ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಹುಡುಕುತ್ತಿದ್ದರು. ಎರಡೇ ವಾರದಲ್ಲಿ ಹಾಳೆಯ ಕೆಳಭಾಗ ಬೆರಳು ತಾಗಿ ತಾಗಿ ಮಾಸಿತ್ತು. ಮೇಲ್ಭಾಗ ಬೆಳ್ಳಗೇ ಇತ್ತು. ಜನ ಹುಡುಕಿದ್ದು ಕಡಿಮೆ ಕೊಟ್ಟವರನ್ನು. ಆಟೋ ಓಡಿಸುವ ಒಬ್ಬ ಹುಡುಗ 500 ಕೊಟ್ಟಿದ್ದ. ಅವನ ಹೆಸರು ಕೊನೆಯ ಸಾಲು. ಅಕ್ಟೋಬರ್ ಆದ ಮೇಲೆ ಅವನು ಚರ್ಚಿಗೆ ಬರಲಿಲ್ಲ.

ಕಾಣಿಕೆ ಪೆಟ್ಟಿಗೆಯ ಎದುರು ಕೂತು ವಿಧವೆಯ ಎರಡು ಕಾಸನ್ನು ನೋಡಿ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದ ಯೇಸುವಿನ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ಅದನ್ನು ಬಾಯಿಪಾಠ ಹೇಳುವ ಸಭೆಯಲ್ಲಿ 500 ರೂಪಾಯಿ ಕೊಟ್ಟವನು ತಲೆ ತಗ್ಗಿಸಿ ಹೋದ. ಇದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಆ ಪಟ್ಟಿಯನ್ನು ನಾನೂ ನೋಡಿದ್ದೆ, ಸುಮ್ನೆ ಮನೆಗೆ ಹೋಗಿದ್ದೆ.

ಒಟ್ಟು 11,60,000 ರೂಪಾಯಿ ಬಂತು.

ಮಳೆ ಬಂದದ್ದು

2023ರ ಜನವರಿ, ಫೆಬ್ರುವರಿಯಲ್ಲಿ ಕೆಲಸ ನಡೆಯಿತು. ಉತ್ತರದ ಇಳಿಜಾರು ಮಾತ್ರ. ಹಳೆಯ ಹಂಚು ಇಳಿಸಿದಾಗ ಅದರ ಬೆನ್ನಿನ ಮೇಲೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನ ಹೆಸರು ಮತ್ತು 1865 ಎಂಬ ಅಂಕಿ ಕಂಡಿತು. ನಮ್ಮ ಹುಡುಗರು ಅದನ್ನು ಚರ್ಚು ಕಟ್ಟಿದ ವರ್ಷ ಅಂದುಕೊಂಡು ಫೋಟೋ ತೆಗೆದರು. ಅದು ಮಂಗಳೂರಿನಲ್ಲಿ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಕಾರ್ಖಾನೆಯ ಎಷ್ಟೋ ಹಂಚಿನ ಮೇಲೆ ಅದೇ ಅಂಕಿ ಇರುತ್ತದೆ.

ದಕ್ಷಿಣದ ಇಳಿಜಾರಿಗೆ ಮೇಸ್ತ್ರಿ ಕೈ ಹಚ್ಚಲಿಲ್ಲ. ‘ಮುಂದಿನ ಹಂತ’ ಎಂದರು. ಜೂನ್ ಬಂತು. ಮಳೆ ಬಂತು. ಬಕೆಟ್ ಮೂರನೇ ಸಾಲಿನಿಂದ ಎದ್ದು ಆಚೆ ಬದಿಯ ಐದನೇ ಸಾಲಿಗೆ ಹೋಯಿತು. ಆಗ ಜನ ಕೇಳಿದರು. 11 ಲಕ್ಷಕ್ಕೂ ಜಾಸ್ತಿ ಕೊಟ್ಟೇವಲ್ಲ, ಹಂಚು ಎಲ್ಲಿ?

ಕಾಗದಗಳಲ್ಲಿ ಸಿಕ್ಕ ಲೆಕ್ಕ ಇದು. ಛಾವಣಿಗೆ ಖರ್ಚಾದದ್ದು 4,10,000. ಚರ್ಚುಗಳ ಮೇಲಿನ ಕಚೇರಿಗೆ ಸಭೆ ಪ್ರತಿ ವರ್ಷ ಕಟ್ಟಬೇಕಾದ ಕೇಂದ್ರದ ಪಾಲು ಮೂರು ವರ್ಷದಿಂದ ಬಾಕಿ ಇತ್ತು, ಅದಕ್ಕೆ 3,90,000. ಕಂಪೌಂಡ್ ಗೋಡೆಯ ಜಗಳದ ಕೋರ್ಟು ಖರ್ಚು, ವಕೀಲರ ಫೀ ಸೇರಿ 1,85,000. ಬ್ಯಾಂಕಿನಲ್ಲಿ ಉಳಿದದ್ದು 1,75,000.

ಮೇಸ್ತ್ರಿ ಕೊಟ್ಟ ಅಂದಾಜು ಪಟ್ಟಿಯೂ ಅದೇ ಫೈಲಿನಲ್ಲಿತ್ತು. ಪತ್ರ ಕಳಿಸುವ ಮೊದಲೇ ಬಂದಿತ್ತು. ಎರಡೂ ಬದಿಯ ಛಾವಣಿ ಸೇರಿ ಮೊತ್ತ 7,40,000. ಪತ್ರದಲ್ಲಿ ಕೇಳಿದ್ದು 14 ಲಕ್ಷ.

ಇದು ಅವಸರದಲ್ಲಿ ಆದ ತಪ್ಪೋ ಏನೋ ಎಂದು ನಾನು ಮೊದಲು ಅಂದುಕೊಂಡೆ. ಆಮೇಲೆ ಕಮಿಟಿಯ ಠರಾವು ಪುಸ್ತಕ ತೆಗೆದೆ. ಜುಲೈ ತಿಂಗಳ ಮೀಟಿಂಗು. ನೀಲಿ ಶಾಯಿ, ಚಂದದ ಅಕ್ಷರ. ‘ಬಾಕಿ ಮತ್ತು ಕೋರ್ಟು ಖರ್ಚು ಸಹ ಸೇರಿಸಿ ಛಾವಣಿಯ ಹೆಸರಿನಲ್ಲಿ ಕೇಳುವುದೆಂದು ಎಲ್ಲರೂ ಒಪ್ಪಿದರು.’ ಕೆಳಗೆ ಒಂಬತ್ತು ಸಹಿ.

ಅವತ್ತು ಅಲ್ಲಿದ್ದ ಒಬ್ಬ ಹಿರಿಯರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ‘ಬಾಕಿ ಅಂದ್ರ ಯಾರೂ ಕೊಡೂದಿಲ್ರಿ. ಹಂಚು ಅಂದ್ರ ಕೊಡ್ತಾರ. ಎಲ್ಲಾ ದೇವರ ಕೆಲಸಕ್ಕ ಅಲ್ಲೇನು?’

ಅವರ ಒತ್ತಡವನ್ನೂ ಹೇಳಬೇಕು

ಈ ಒಂಬತ್ತು ಮಂದಿ ಕೆಟ್ಟವರಲ್ಲ. ಅವರ ಮೇಲೆ ಏನು ಬಿದ್ದಿತ್ತು ಎಂದು ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಆಗ ಇಲ್ಲಿನ ಕೆಲಸಕ್ಕೆ ಹಣ ಬರುತ್ತಿದ್ದುದು ಹೊರಗಿನಿಂದ. 1855ರಲ್ಲಿ ಬಾಸೆಲಿನ ಕಡೆ ಒಂದು ಪದ್ಧತಿ ಶುರುವಾಯಿತು. ಸಾಮಾನ್ಯ ಜನ ಮಿಶನ್ನಿಗೆಂದು ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಒಂದು ಚಿಲ್ಲರೆ ಕಾಸು, ತೆಗೆದಿಡುವುದು. ಅಷ್ಟು ದೂರದ ಬಡವರು ಕೂಡಿಸಿಟ್ಟ ಕಾಸದು, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೊಟ್ಟವರಿಗೆ ಗೊತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಾಗ ಆ ಆಸರೆಗೆ ದೊಡ್ಡ ಪೆಟ್ಟು ಬಿತ್ತು. ಈಗಂತೂ ವಿದೇಶಿ ದೇಣಿಗೆಯ 2010ರ ಕಾಯ್ದೆ, ಅದರ ಮೇಲೆ 2020ರ ತಿದ್ದುಪಡಿ. ಆ ಹಣ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಗೆ ಬರಬೇಕು, ಹೇಳಿದ ಉದ್ದೇಶಕ್ಕೇ ಖರ್ಚಾಗಬೇಕು. ಸಣ್ಣ ಸಭೆಗೆ ಅದು ದೂರದ ಮಾತು.

ಹಾಗಾಗಿ ಪಾಸ್ಟರರ ಸಂಬಳ, ಕರೆಂಟು ಬಿಲ್ಲು, ಕೇಂದ್ರದ ಪಾಲು, ಹಂಚು, ಗೋಡೆ ಎಲ್ಲವೂ 175 ಕುಟುಂಬಗಳ ಮೇಲೆಯೇ. ಬಾಕಿ ಕಟ್ಟದಿದ್ದರೆ ಮೇಲಿನ ಕಚೇರಿಯಿಂದ ಮಾತು ಕೇಳಬೇಕು. ಆ ಸಂಕಟ ನಿಜವಾದದ್ದು. ಆ ಸಂಕಟವನ್ನೇ ಪತ್ರದಲ್ಲಿ ಬರೆಯಬಹುದಿತ್ತು ಎಂಬುದೇ ನನ್ನ ತಕರಾರು.

ತೆರಿಗೆಯ ಮಾತು

ಇನ್ನೊಂದು ಸಣ್ಣ ಸುಳ್ಳೂ ನಡೆದಿತ್ತು. ಅದು ಪತ್ರದಲ್ಲಿರಲಿಲ್ಲ, ಬಾಯಿಮಾತು. ಮನೆಮನೆಗೆ ಹೋದ ಒಬ್ಬರು ‘80ಜಿ ಸಿಗ್ತದ, ಟ್ಯಾಕ್ಸ್ ಉಳೀತದ’ ಎಂದು ಹೇಳುತ್ತಾ ಹೋದರು. ಒಬ್ಬ ಶಿಕ್ಷಕಿ ಅದನ್ನು ನಂಬಿ 25,000 ನಗದು ಕೊಟ್ಟರು.

ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಕಡಿತ ಮೂಲತಃ ಧರ್ಮಾರ್ಥ, ಅಂದರೆ ಬಡವರ ನೆರವು, ಶಿಕ್ಷಣ, ಚಿಕಿತ್ಸೆಯಂಥ, ಕೆಲಸದ ಸಂಸ್ಥೆಗಳಿಗೆ. ಒಂದೇ ಧರ್ಮದವರಿಗಾಗಿ, ಆರಾಧನೆಗಾಗಿ ಇರುವ ಸಂಸ್ಥೆಗೆ ಕೊಟ್ಟ ಹಣಕ್ಕೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ಕಾರ ಐತಿಹಾಸಿಕವೆಂದು ಅಧಿಸೂಚನೆ ಹೊರಡಿಸಿದ ಗುಡಿ, ಮಸೀದಿ, ಚರ್ಚುಗಳ ದುರಸ್ತಿಗೆ ವಿನಾಯಿತಿ ಉಂಟು. ನಮ್ಮದು ಆ ಪಟ್ಟಿಯಲ್ಲಿಲ್ಲ. ಇನ್ನು 80ಜಿ ಇರುವ ಕಡೆಯಲ್ಲೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಕಡಿತ ಇಲ್ಲ. ಆ ಶಿಕ್ಷಕಿ ರಸೀದಿ ಹಿಡಿದುಕೊಂಡು ಟ್ಯಾಕ್ಸ್ ಕನ್ಸಲ್ಟಂಟ್ ಹತ್ತಿರ ಹೋದಾಗಲೇ ಗೊತ್ತಾದದ್ದು.

ತೆರಿಗೆ ಕಾನೂನಿನಲ್ಲಿ ಇನ್ನೊಂದು ವಿಷಯ ಇದೆ. ಧರ್ಮಾರ್ಥ ಟ್ರಸ್ಟುಗಳಿಗೆ ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ 30 ಪರ್ಸೆಂಟ್ ತೆರಿಗೆ ಬೀಳುತ್ತದೆ. ಪೂರ್ತಿ ಧಾರ್ಮಿಕವಾದ ಸಂಸ್ಥೆಗೆ ಆ ನಿಯಮ ಇಲ್ಲ. ಹುಂಡಿಗೆ, ಕಾಣಿಕೆ ಚೀಲಕ್ಕೆ ಹಾಕುವವರ ಹೆಸರು ಯಾರೂ ಬರೆದುಕೊಳ್ಳುವುದಿಲ್ಲ ಎಂದು ಸರ್ಕಾರಕ್ಕೂ ಗೊತ್ತು. ಅಂದರೆ ನಮ್ಮ ಕಾಣಿಕೆ ಚೀಲವನ್ನು ಕಾನೂನು ನಮ್ಮ ನಂಬಿಕೆಗೇ ಬಿಟ್ಟಿದೆ. ಹೊರಗಿನ ಕಣ್ಣು ಕಡಿಮೆ ಇರುವ ಕಡೆ ಒಳಗಿನವರು ಎರಡು ಪಟ್ಟು ಸರಿಯಾಗಿರಬೇಕಲ್ವಾ?

ಯೋವಾಷನ ಪೆಟ್ಟಿಗೆ

2023ರ ಸೆಪ್ಟೆಂಬರಿನಲ್ಲಿ ಸಭೆಯವರ ಮೀಟಿಂಗು ಕರೆದರು. ಹಳೆಯ ಕಮಿಟಿಯ ಒಬ್ಬರು ಸತ್ಯವೇದ ತೆಗೆದು 2 ಅರಸುಗಳು 12ನೇ ಅಧ್ಯಾಯದ 15ನೇ ವಚನ ಓದಿದರು. ದೇವಾಲಯದ ದುರಸ್ತಿಗೆ ಹಣ ಹಂಚಿದವರಿಂದ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎಂಬ ವಚನ. ‘ನಮ್ಮನ್ನ ಮಾತ್ರ ಯಾಕ ಕೇಳ್ತೀರಿ?’ ಎಂದರು.

ಅವರು ಬೇರೆ ಯಾವ ಅಧ್ಯಾಯ ಓದಿದ್ದರೂ ನಾನು ಸುಮ್ಮನಿರುತ್ತಿದ್ದೆ. ಈ ಅಧ್ಯಾಯ ಪೂರ್ತಿ ನಮ್ಮದೇ ಕಥೆ. ಅರಸ ಯೋವಾಷ ದೇವಾಲಯ ರಿಪೇರಿಗೆಂದು ಹಣ ಕೂಡಿಸಲು ಯಾಜಕರಿಗೆ ಹೇಳುತ್ತಾನೆ. ಅವನ ಆಳಿಕೆಯ 23ನೇ ವರ್ಷ ಬಂದರೂ ರಿಪೇರಿ ಆಗಿರುವುದಿಲ್ಲ. ಅರಸ ಅವರನ್ನು ಕರೆಸಿ ಕೇಳುತ್ತಾನೆ. ಆಮೇಲೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು ಮುಚ್ಚಳದಲ್ಲಿ ತೂತು ಕೊರೆದು ಯಜ್ಞವೇದಿಯ ಪಕ್ಕ ಇಡುತ್ತಾನೆ. ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಕೂಡಿ ಎಣಿಸುತ್ತಾರೆ. ಒಬ್ಬರೇ ಅಲ್ಲ, ಇಬ್ಬರು. ಆ ಹಣ ಬಡಗಿಗೆ, ಗೌಂಡಿಗೆ, ಕಲ್ಲು ಕೆತ್ತುವವರಿಗೆ, ಮರ ಮತ್ತು ಕಲ್ಲು ಕೊಳ್ಳುವುದಕ್ಕೆ ಹೋಗುತ್ತದೆ.

ಇನ್ನು 13ನೇ ವಚನ. ಆ ಹಣದಿಂದ ದೇವಾಲಯಕ್ಕೆ ಬೆಳ್ಳಿ ಬಟ್ಟಲನ್ನಾಗಲಿ, ತುತೂರಿಯನ್ನಾಗಲಿ ಮಾಡಿಸಲಿಲ್ಲ. ಬೆಳ್ಳಿ ಬಟ್ಟಲೂ ದೇವರ ಕೆಲಸವೇ ಆಗಿತ್ತಲ್ಲ! ಆದರೂ ಮಾಡಿಸಲಿಲ್ಲ. ರಿಪೇರಿಯ ಹಣ ರಿಪೇರಿಗೇ. 16ನೇ ವಚನದಲ್ಲಿ ಯಾಜಕರ ಪಾಲಿನ ಹಣ ಬೇರೆ, ಅದು ಅವರದ್ದು ಎಂದೂ ಇದೆ. ಪಾಲು ಬೇರೆ, ಹಂಚು ಬೇರೆ. ಲೆಕ್ಕ ಕೇಳಲಿಲ್ಲ ಎಂಬ ಮಾತು ಬರುವುದು ಇಷ್ಟೆಲ್ಲ ಬಂದೋಬಸ್ತ್ ಆದ ಮೇಲೆ.

ನಾನು ಇದನ್ನು ಎದ್ದು ನಿಂತು ಓದಿದೆ. ದನಿ ನಡುಗುತ್ತಿತ್ತು. ಮೂವತ್ತು ವರ್ಷದ ಗೆಳೆಯರ ಎದುರು ನಿಂತಿದ್ದೆ.

ಹೊಲ ಮಾರಿದ ದಂಪತಿ ಅನನೀಯ, ಸಪ್ಫೈರರ ಕಥೆಯನ್ನು ನಾವು ಸದಾ ಕೊಡುವವರ ಮೇಲೆ ಪ್ರಯೋಗಿಸುತ್ತೇವೆ. ಹಣ ಮುಚ್ಚಿಟ್ಟರು, ಬಿದ್ದು ಸತ್ತರು, ಹುಷಾರ್ ಎಂದು. ಆದರೆ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಪೇತ್ರ ಏನು ಕೇಳುತ್ತಾನೆ ನೋಡಿ. ಹೊಲ ನಿನ್ನದೇ ಇತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ? ಕೊಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಅವರ ತಪ್ಪು, ಒಂದು ಭಾಗವನ್ನು ಪೂರ್ತಿ ಎಂದು ಹೇಳಿದ್ದು. ನಮ್ಮ ಪತ್ರವೂ ಅದನ್ನೇ ಮಾಡಿತ್ತು. ಹಂಚಿಗೆ ಬೇಕಾದದ್ದು ಒಂದು ಭಾಗ. ಅದನ್ನೇ ಪೂರ್ತಿ ಎಂದು ಬರೆದಿತ್ತು.

ಅಪೊಸ್ತಲ ಪೌಲ ಕೂಡ ಹಣ ಕೇಳಿದವನೇ, ನಾಚಿಕೆ ಇಲ್ಲದೆ ಕೇಳಿದವನು. ಯಾರಿಗೆ ಎಂದು ಹೇಳಿಯೇ ಕೇಳಿದ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ. ಹಣ ಒಯ್ಯುವವರನ್ನು ನೀವೇ ಆರಿಸಿ ಎಂದ. ತನ್ನ ಜೊತೆಗಾರ ತೀತನೊಂದಿಗೆ ಸಭೆಗಳೇ ನೇಮಿಸಿದ ಇನ್ನೊಬ್ಬನನ್ನೂ ಕಳಿಸಿದ. ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿ ಇರಬೇಕು ಎಂದು ಅದಕ್ಕೆ ಕಾರಣ ಕೊಟ್ಟ.

ಅವತ್ತಿನ ಮೀಟಿಂಗಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಹಾಸ್ಟೆಲ್ಲಿನಲ್ಲಿ ಆಯಾ ಆಗಿದ್ದ ಒಬ್ಬ ಅಜ್ಜಿ. ಅವರು 8,000ವನ್ನು ನಾಲ್ಕು ಕಂತಿನಲ್ಲಿ ಕೊಟ್ಟಿದ್ದರು. ಅದಕ್ಕಾಗಿ ಪೋಸ್ಟ್ ಆಫೀಸಿನ ಆರ್‌ಡಿ ಕಟ್ಟುವುದನ್ನು ನಿಲ್ಲಿಸಿದ್ದರು. ಖಾಲಿಯಾದ ಕಂದು ಲಕೋಟೆಯನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದರು. ಅದನ್ನು ತೆಗೆದು ಅಚ್ಚಾದ ಅಕ್ಷರದ ಮೇಲೆ ಬೆರಳಿಟ್ಟರು. ‘ಇದರಾಗ ಏನ್ ಬರದೈತ್ರಿ? ನಾ ಹಂಚಿಗೆ ಕೊಟ್ಟೀನಿ. ವಕೀಲರಿಗೆ ಕೊಡ್ರಿ ಅಂದಿದ್ರ ಆಗ ವಿಚಾರ ಮಾಡ್ತಿದ್ದೆ. ಕೊಡ್ತಿದ್ನೋ ಇಲ್ಲೋ. ನನಗ ಕೇಳಬೇಕಿತ್ತು.’

ಎರಡನೇ ಪತ್ರ

ಅಕ್ಟೋಬರಿನಲ್ಲಿ ಎರಡನೇ ಪತ್ರ ಹೋಯಿತು. ಪಾಸ್ಟರ್ ಅದನ್ನು ಆರಾಧನೆಯಲ್ಲೂ ಓದಿದರು. ಮೊದಲ ಪತ್ರಕ್ಕೂ ಅವರ ಸಹಿ ಇತ್ತು, ಹಾಗಾಗಿ ಓದುವುದು ಅವರಿಗೆ ಸುಲಭವಿರಲಿಲ್ಲ. ‘ಛಾವಣಿಯ ಹೆಸರಿನಲ್ಲಿ ನಾವು ನಿಮ್ಮಿಂದ ಹೆಚ್ಚು ಕೇಳಿದೆವು. ಅದರಲ್ಲಿ 5,75,000 ಬೇರೆ ಖರ್ಚಿಗೆ ಹೋಗಿದೆ. ಇದನ್ನು ನಿಮಗೆ ಹೇಳದೆ ಮಾಡಿದ್ದು ತಪ್ಪು.’ ಪತ್ರದ ಕೆಳಗೆ ಹರಿದು ಕೊಡುವ ಒಂದು ಚೀಟಿ. ನಾನು ಕೊಟ್ಟದ್ದು ಆ ಬೇರೆ ಖರ್ಚಿಗೇ ಇರಲಿ. ಹಂಚಿಗೆ ಮಾತ್ರ. ನನ್ನ ಹಣ ವಾಪಸ್ ಬೇಕು. ಮೂರರಲ್ಲಿ ಒಂದಕ್ಕೆ ಟಿಕ್ ಹಾಕಬೇಕು.

175 ಕುಟುಂಬಗಳಲ್ಲಿ 128 ಚೀಟಿ ವಾಪಸ್ ಬಂದವು. 71 ಮಂದಿ ಇರಲಿ ಎಂದರು. 46 ಮಂದಿ ಹಂಚಿಗೆ ಮಾತ್ರ ಎಂದರು. 11 ಮಂದಿ ವಾಪಸ್ ಕೇಳಿದರು, ಒಟ್ಟು 46,000 ರೂಪಾಯಿ. ಒಂದೇ ವಾರದಲ್ಲಿ ಕೊಟ್ಟೆವು. ಆ ಶಿಕ್ಷಕಿಗೆ ಅವರ 25,000 ಹೋಯಿತು. ಚೀಟಿಯನ್ನೇ ಕೊಡದ 47 ಕುಟುಂಬಗಳನ್ನು ‘ಒಪ್ಪಿದ್ದಾರೆ’ ಎಂದು ಬರೆಯೋಣ ಎಂದು ಒಬ್ಬರು ಹೇಳಿದರು. ಬೇಡ ಎಂದೆ. ಸುಮ್ಮನಿದ್ದವರು ಒಪ್ಪಿದವರಲ್ಲ. ‘ಹಂಚಿಗೆ ಮಾತ್ರ’ ಎಂಬ ಕಡೆಯೇ ಅವರನ್ನೂ ಸೇರಿಸಿದೆವು. 71 ಮಂದಿ ಒಪ್ಪಿದ್ದನ್ನು ಹಿಡಿದುಕೊಂಡು ‘ನೋಡ್ರಿ, ಕೊಡ್ತಿದ್ರು’ ಎಂದು ನಾನು ಹೇಳಲಾರೆ. ಖರ್ಚಾಗಿಹೋದ ಹಣಕ್ಕೆ ಇರಲಿ ಎನ್ನುವುದು ಬೇರೆ, ಮೊದಲೇ ಒಪ್ಪಿ ಕೊಡುವುದು ಬೇರೆ. ಆ ಹಿರಿಯರು ಹೇಳಿದ್ದರಲ್ಲೂ ಸತ್ಯ ಇರಬಹುದು, ಬಾಕಿ ಎಂದು ಕೇಳಿದ್ದರೆ ಕಡಿಮೆಯೇ ಬರುತ್ತಿತ್ತೇನೋ. ಹಾಗೆ ಕಡಿಮೆ ಬಂದಿದ್ದರೆ ಅದು ಸಭೆಯ ಉತ್ತರ. ಕಮಿಟಿಗೆ ಆ ಉತ್ತರ ಕೇಳಿಸಬೇಕಿತ್ತು. ಮೇಲಿನ ಕಚೇರಿಗೂ ಕೇಳಿಸಬೇಕಿತ್ತು.

ಬ್ಯಾಂಕಿನಲ್ಲಿ 1,29,000 ಉಳಿಯಿತು. ಛಾವಣಿ ಮುಗಿಯಲು 3,30,000 ಬೇಕು. ಕೊರತೆ 2,01,000. ಅಷ್ಟನ್ನೇ ಕೇಳಿದೆವು, ಮೇಸ್ತ್ರಿಯ ಅಂದಾಜು ಪಟ್ಟಿಯ ಜೆರಾಕ್ಸ್ ಹಚ್ಚಿ ಕೇಳಿದೆವು. ಕುಟುಂಬಕ್ಕೆ ಇಷ್ಟು ಎಂದು ಹೇಳಲಿಲ್ಲ.

ನವೆಂಬರಿನ ಬೆಳೆ ಹಬ್ಬದ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, 88,000 ಬಂತು. ಈ ಲಿಲಾವು ನನಗೆ ಚಿಕ್ಕಂದಿನಿಂದ ಇಷ್ಟ. ಜೋಳದ ತೆನೆ, ಶೇಂಗಾ, ಒಣ ಮೆಣಸಿನಕಾಯಿ, ಯಾರದೋ ಹಿತ್ತಲಿನ ಕುಂಬಳಕಾಯಿ. ಕುಂಬಳಕಾಯಿ 1,500ಕ್ಕೆ ಹೋಗುತ್ತದೆ. ಅದರ ಬೆಲೆ ಅಷ್ಟಿಲ್ಲ ಎಂದು ಕೂಗುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಹಣ ಎಲ್ಲಿಗೆ ಹೋಗುತ್ತದೆ ಎಂದೂ ಇಬ್ಬರಿಗೂ ಗೊತ್ತು. ಅದಕ್ಕೇ ಅಲ್ಲಿ ಅಷ್ಟು ನಗು.

ಈಗ ಕಾಣಿಕೆಯನ್ನು ಇಬ್ಬರು ಕೂಡಿ ಎಣಿಸುತ್ತಾರೆ, ಒಬ್ಬರು ಕಮಿಟಿಯವರು, ಇನ್ನೊಬ್ಬರು ಕಮಿಟಿಯ ಹೊರಗಿನವರು. ಛಾವಣಿಗೆ ಬೇರೆ ಪಾಸ್‌ಬುಕ್ ಇದೆ. ಕೇಂದ್ರದ ಪಾಲಿಗೆ ಬೇರೆ ಲಕೋಟೆ ಇದೆ, ಅದಕ್ಕೆ ತಿಂಗಳಿಗೆ ಬರುವುದು ಸ್ವಲ್ಪವೇ. ಹೆಸರಿನ ಪಟ್ಟಿ ಹೋಯಿತು. ಅದರ ಜಾಗದಲ್ಲಿ ಒಂದು ಹಾಳೆ, ಬೇಕಾದದ್ದು ಎಷ್ಟು, ಬಂದದ್ದು ಎಷ್ಟು, ಅಷ್ಟೇ. ಆಟೋದ ಹುಡುಗನ ಮನೆಗೆ ಪಾಸ್ಟರ್ ಎರಡು ಸಲ ಹೋಗಿಬಂದರು. ಅವನು ಚಹಾ ಕೊಟ್ಟ, ಚೆನ್ನಾಗಿ ಮಾತಾಡಿದ. ಚರ್ಚಿಗೆ ಇನ್ನೂ ಬಂದಿಲ್ಲ.

ಅಜ್ಜಿ ‘ಹಂಚಿಗೆ ಮಾತ್ರ’ ಎಂದು ಟಿಕ್ ಹಾಕಿದ್ದರು. 2024ರ ಮಾರ್ಚ್ ಮೊದಲ ಭಾನುವಾರ ಹಾಳೆಯ ಮುಂದೆ ನಿಂತು ನನ್ನನ್ನು ಕರೆದರು, ಕನ್ನಡಕ ತಂದಿರಲಿಲ್ಲ. ಇನ್ನೂ 37,500 ಬೇಕು ಎಂದು ಓದಿ ಹೇಳಿದೆ. ದಕ್ಷಿಣದ ಇಳಿಜಾರಿನ ಮೇಲೆ ನೀಲಿ ತಾಡಪತ್ರಿ ಹಾಗೇ ಇತ್ತು. ಯುಗಾದಿ ಮುಗಿದ ಮೇಲೆ ಬರುತ್ತೇನೆ ಎಂದು ಮೇಸ್ತ್ರಿ ಹೇಳಿದ್ದಾರೆ ಎಂದೆ. ‘ಮಳಿಗಿಂತ ಮೊದಲ ಬರಲಿ’ ಎಂದರು.